ಹೆಸರಿಗೆ ಬಿಟ್ಟ ಜಾಗ

"ಅಜ್ಜಿ, ಆನ್ ಆಗೈತೆ. ಹಾಡು."

ಚಂದ್ರಲೇಖಾ ಅಪ್ಪನ ಹಳೆಯ ಫೋನನ್ನು ಅಜ್ಜಿಯ ಮೂಗಿನ ತುದಿಗೇ ಹಿಡಿದಳು. ಅಂಜಮ್ಮಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಫೋನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಮತ್ತೆ ಮೊರಕ್ಕೆ ಕೈ ಹಾಕಿದಳು.

"ಯಾರು ಸತ್ತೋರು?" ಅಂದಳು.

"ಯಾರೂ ಸತ್ತಿಲ್ಲ."

"ಮತ್ತೆ ಯಾರಿಗೆ ಹಾಡ್ಲಿ? ನಿನ್ ಫೋನಿಗಾ?"

"ಸುಮ್ನೆ ಹಾಡಜ್ಜಿ, ರೆಕಾರ್ಡಿಂಗ್‌ಗೆ. ಶನಿವಾರ ಲಾಸ್ಟ್ ಡೇಟು."

"ಸಾವಿನ ಹಾಡ ಸುಮ್ಸುಮ್ನೆ ಹಾಡ್ತಾರೇನಮ್ಮಿ? ಹೋಗು, ಹೋಗಿ ಓದ್ಕೋ ಹೋಗು."

ಇಷ್ಟಕ್ಕೆಲ್ಲ ಕಾರಣ ಚಂದ್ರಲೇಖಾಳ ಬಾಯಿ. ಆ ಬಾಯಿ ಇದೆಯಲ್ಲ, ಅದು ಅವಳ ತಲೆಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತದೆ.

ಅವರ ಊರು ತಮಿಳುನಾಡಿನ ಗಡಿಯಲ್ಲಿ, ತಳಿಯಿಂದ ಗುಮ್ಮಳಾಪುರಕ್ಕೆ ಹೋಗುವ ದಾರಿಯಲ್ಲಿದೆ. ಊರ ನಡುವೆ ಪಂಚಾಯ್ತಿಯ ಟಿವಿ ರೂಮು. ಒಂದು ಕಾಲಕ್ಕೆ ಊರಿಗೆಲ್ಲ ಅಲ್ಲಿ ಒಂದೇ ಟಿವಿ ಇತ್ತಂತೆ. ಮನೆಮನೆಗೂ ಟಿವಿ ಬಂದ ಮೇಲೆ ಆ ರೂಮು ಇಲಿಗಳ ಪಾಲಾಯಿತು. ಈಗ ಹೊಸೂರಿನ ಒಂದು ಕಲಾ ಗುಂಪಿನಿಂದ ಹರಿಪ್ರಿಯಾ ಅಕ್ಕ ಪ್ರತಿ ಶನಿವಾರ ಬಸ್ಸಿನಲ್ಲಿ ಬಂದು, ಊರಿನವರನ್ನೂ ಮಕ್ಕಳನ್ನೂ ಸೇರಿಸಿಕೊಂಡು ಅದನ್ನು ಗುಡಿಸಿ ಸುಣ್ಣ ಹೊಡೆಸಿದ್ದಳು. ಒಳಗೆ ಹನ್ನೆರಡು ಮಕ್ಕಳಿಗೆ ಹನ್ನೆರಡು ಮಣ್ಣಿನ ಮಡಕೆ. ಒಂದೊಂದು ಮಡಕೆಯ ತಳದಲ್ಲೂ ಪುಟ್ಟ ಸ್ಪೀಕರ್. ಮುಚ್ಚಳ ತೆಗೆದರೆ ಸಾಕು, ಮಡಕೆಯ ಹೊಟ್ಟೆಯಿಂದ ಊರಿನ ಒಂದು ಸದ್ದು ಹೊರಗೆ ಬರಬೇಕು.

"ಊರು ಮರೆತುಹೋಗೋ ಮೊದಲು ಕೇಳಿಸ್ಕೋಬೇಕಾದ್ದು ಏನಿದೆ? ನೀವೇ ಹುಡುಕಿ ತನ್ನಿ. ಭಾನುವಾರ ಊರವರಿಗೆಲ್ಲ ಕೇಳಿಸೋಣ" ಎಂದಿದ್ದಳು ಅಕ್ಕ.

ಹೋದ ಶನಿವಾರ ಕಿಟಕಿ ಮುಚ್ಚಿ ಒಂದು ಟ್ರಯಲ್ ಮಾಡಿದರು. ಕತ್ತಲ ಕೋಣೆ. ಅವಳ ಕ್ಲಾಸಿನ ಆದಿತ್ಯ ತನ್ನ ಮಡಕೆಯ ಮುಚ್ಚಳ ಎತ್ತಿದ. ಗೇರು ಬದಲಿಸುತ್ತ ಏರು ಹತ್ತುವ ಬಸ್ಸು ಮಡಕೆಯೊಳಗಿಂದ ನರಳಿತು. ಇನ್ನೊಂದು ಮಡಕೆಯಲ್ಲಿ ಯಾರೋ ಮುದುಕಿ ಕೆಮ್ಮಿ ಕೆಮ್ಮಿ ನಕ್ಕಳು. ಕಣ್ಣಿಗೆ ಕಾಣದ ಮನುಷ್ಯರ ಸದ್ದು ಹಾಗೆ ಕಾಲ ಬುಡದಲ್ಲೇ ಕೇಳಿದಾಗ ಮಕ್ಕಳ ಮೈ ಜುಂ ಎಂದಿತು.

ಆಗಲೇ ಚಂದ್ರಲೇಖಾ ಬಾಯಿಬಿಟ್ಟಳು. "ಇದೇನ್ ಮಹಾ! ನಮ್ಮಜ್ಜಿ ಸಾವಿನ ಹಾಡು ಹಾಡ್ತಾಳೆ. ಸುತ್ತ ಏಳೂರಿಗೂ ಅವಳೇ. ನಾನು ಅದ್ನ ತತ್ತೀನಿ."

"ನಿಮ್ಮಜ್ಜಿ ಹಾಡಿ ನಾಕು ವರ್ಷ ಆಯ್ತು ಕಣೇ," ಆದಿತ್ಯ ಅಂದ. "ನಮ್ ತಾತ ಹೋದಾಗ ನಮ್ಮಜ್ಜಿ ಬಂದು ಕರದ್ರೂ ಬರ್ಲಿಲ್ಲ. ನಿಂಗೇನ್ ಹಾಡ್ತಾಳೆ? ನೀನು ಖಾಲಿ ಮಡಕೆ!"

ಎಲ್ಲರೂ ನಕ್ಕರು. ಖಾಲಿ ಮಡಕೆ ಚಂದ್ರಲೇಖಾ! ಒಂದು ಸಲ ಇಂಥ ಹೆಸರು ಅಂಟಿಕೊಂಡರೆ ಹೈಸ್ಕೂಲು ಮುಗಿಯುವವರೆಗೂ ಬಿಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಜ್ಜಿ, ಒಂದೇ ಒಂದು ಹಾಡಜ್ಜಿ," ಎಂದು ಅದಕ್ಕೇ ಈಗ ಜಗಲಿಯಲ್ಲಿ ಮತ್ತೆ ಗೋಗರೆದಳು.

ಅಜ್ಜಿ ಅವರೆಕಾಳನ್ನು ಬಟ್ಟಲಿಗೆ ಉದುರಿಸಿದಳು. "ಕೇಳಿಲ್ಲಿ. ಆ ಹಾಡಿನಾಗೆ ಸಾಲು ಸಾಲಿಗೂ ಸತ್ತೋರ ಹೆಸ್ರು ಕೂಗ್ಬೇಕು. ಹೆಸ್ರು ಇದ್ರೆ ಹಾಡು ಅವರ ಹಿಂದೇನೇ ಹೊಂಟೋಯ್ತದೆ. ಹೆಸ್ರಿಲ್ದೆ ಹಾಡಿದ್ರೆ ಅದು ಎಲ್ಲಿಗೋಗ್ಬೇಕು? ಮನೆಮನೆ ಬಾಗ್ಲಾಗೆ ನಿಂತು ಹೆಸ್ರು ಹುಡುಕ್ತದೆ."

ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಸಲೀಸಾಗಿ ಹೇಳಿದಳು. ಚಂದ್ರಲೇಖಾ ಮೆಟ್ಟಿಲ ಮೇಲೆ ಇಳಿಬಿಟ್ಟಿದ್ದ ಕಾಲನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡಳು.

"ಹಂಗಾರೆ ಯಾರ್ದಾರ ಹೆಸ್ರು ಹಾಕು. ನಂದೇ ಹಾಕ್ಬುಡು."

ಅಜ್ಜಿಯ ಕೈ ಬಂದು ಅವಳ ಬಾಯನ್ನು ಗಪ್ಪೆಂದು ಮುಚ್ಚಿತು. "ಬಿಡ್ತು ಅನ್ನು! ಅನ್ನೇ, ಬಿಡ್ತು ಅನ್ನು!"

"ಬಿಡ್ತು," ಎಂದಳು ಚಂದ್ರಲೇಖಾ ಬೆರಳುಗಳ ಸಂದಿಯಿಂದ.

ಅಜ್ಜಿ ಎದ್ದು ಒಳಗೆ ಹೋದಳು. ಅರ್ಧ ಸುಲಿದ ಅವರೆಕಾಯಿ ಮೊರದಲ್ಲೇ ಉಳಿಯಿತು.

ಶನಿವಾರ ಬಂತು. ಬೆಳಿಗ್ಗೆ ಎಂಟಾದರೂ ಎದುರು ಮನೆ ಕಾಣದಷ್ಟು ಮಂಜು. ಅಪ್ಪ ಸುರೇಂದ್ರ ಕಂಪನಿ ಬಸ್ಸು ಹತ್ತಿ ಹೊಸೂರಿಗೆ ಹೋಗಿ ಆಗಿತ್ತು. ಅಮ್ಮ ತಳಿಯ ಹತ್ತಿರ ಗುಲಾಬಿ ತೋಟಕ್ಕೆ ಹೂ ಕೀಳಲು ಹೋಗಿದ್ದಳು. ಅಜ್ಜಿ ಬುಟ್ಟಿ ಹಿಡಿದು, "ಹಿಂದ್ಲ ಹೊಲ್ದಾಗೆ ಒಂದೀಟು ಅವರೆಕಾಯಿ ಕಿತ್ಕೊಂಡ್ ಬತ್ತೀನಿ," ಎಂದು ಮಂಜಿನೊಳಗೆ ಹೋದಳು. ಎರಡು ಹೆಜ್ಜೆಗೆ ಸೀರೆ ಮಾಯ, ನಾಲ್ಕು ಹೆಜ್ಜೆಗೆ ಬುಟ್ಟಿಯೂ ಮಾಯ.

ಹರಿಪ್ರಿಯಾ ಅಕ್ಕ ಬರುವುದು ಹನ್ನೊಂದರ ಬಸ್ಸಿಗೆ. ಚಂದ್ರಲೇಖಾ ಉಗುರು ಕಚ್ಚುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಅವಳಿಗೆ ಒಂದು ಉಪಾಯ ಹೊಳೆಯಿತು. ಅಜ್ಜಿ ಹಾಡದಿದ್ದರೆ ಏನಂತೆ? ತಾನೇ ಹಾಡಿದರೆ?

ಅವಳಿಗೆ ಆ ಹಾಡು ಗೊತ್ತಿತ್ತು. ನಾಲ್ಕೈದು ವರ್ಷದವಳಿದ್ದಾಗ ಅಜ್ಜಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಸಾವಿನ ಮನೆಗಳಿಗೆ ಹೋಗುತ್ತಿದ್ದಳು. ಅಜ್ಜಿ ಒಂದು ಸಾಲು ಹಾಡಿ ಹೆಸರು ಕೂಗುತ್ತಿದ್ದಳು. ಸುತ್ತ ಕೂತ ಹೆಂಗಸರು "ಹ್ಞೂ" ಎನ್ನುತ್ತಿದ್ದರು. ಆ ರಾಗ ಅಜ್ಜಿಯ ಎದೆಯಿಂದ ಇವಳ ಕಿವಿಗೆ ಇಳಿದು ಅಲ್ಲೇ ಉಳಿದುಬಿಟ್ಟಿತ್ತು.

ಹೆಸರಿನದೊಂದೇ ತಾಪತ್ರಯ. ಅದಕ್ಕೂ ದಾರಿ ಸಿಕ್ಕಿತು. ಪರೀಕ್ಷೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂದು ಕೊಡುವುದಿಲ್ಲವೇ? ಹೆಸರು ಬರುವ ಕಡೆ ಖಾಲಿ ಜಾಗ ಬಿಟ್ಟರಾಯಿತು! ಯಾರ ಹೆಸರನ್ನೂ ಕೂಗಿದ ಹಾಗಾಗುವುದಿಲ್ಲ.

ಮನೆಯ ಹಿಂದೆ ಹಸುವಿನ ಕೊಟ್ಟಿಗೆ. ಮಣ್ಣಿನ ಗೋಡೆ, ಮೇಲೆ ತಗಡು. ಗೋಡೆಯ ಆಚೆಗೆ ರಾಗಿ ಹುಲ್ಲಿನ ಮೆದೆ. ಕೊಟ್ಟಿಗೆಯೊಳಗೆ ನಿಂತು ಹಾಡಿದರೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಳು ಚಂದ್ರಲೇಖಾ. ಮಂಜು ಮುಸುಕಿದ ಬೆಳಿಗ್ಗೆ ಊರೆಲ್ಲ ಉಸಿರು ಬಿಗಿಹಿಡಿದಿರುತ್ತದೆ, ಸೂಜಿ ಬಿದ್ದರೂ ಕೇಳಿಸುತ್ತದೆ ಎಂಬುದು ಅವಳ ತಲೆಗೆ ಹೋಗಲಿಲ್ಲ.

ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಒತ್ತಿದಳು. ಕಣ್ಣು ಮುಚ್ಚಿ ಶುರುಮಾಡಿದಳು.

"ಕಟ್ಟಿದ ಎತ್ತು ದಾರಿ ಕಾದಾವೆ, ಎದ್ದು ಬಾರಯ್ಯೋ..."

ಹೆಸರಿನ ಜಾಗ ಬಂತು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದಳು.

"ಇಕ್ಕಿದ ಮುದ್ದೆ ಆರೋಯ್ತು, ಎದ್ದು ಬಾರಯ್ಯೋ..."

ಒಂದು, ಎರಡು, ಮೂರು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು. ಅದರ ಎರಡೂ ಕಿವಿ ಗೋಡೆಯ ಕಡೆಗೆ ತಿರುಗಿದವು.

"ಹಾಕಿದ ಕೂಗು ಮುಟ್ಟಲಿಲ್ಲವೇನೋ, ಎದ್ದು ಬಾರಯ್ಯೋ..."

ಒಂದು, ಎರಡು, ಮೂರು.

ಫೋನನ್ನು ತೆಗೆದುಕೊಂಡು ಕೇಳಿದಳು. ಅಯ್ಯೋ, ಇದು ತನ್ನದೇ ದನಿಯಾ? ಯಾರೋ ದೊಡ್ಡವರು ಹಾಡಿದ ಹಾಗಿತ್ತು. ಥೇಟ್ ಅಜ್ಜಿ! ಮೊದಲ ಖಾಲಿ ಜಾಗದಲ್ಲಿ ತಗಡಿನಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನಿಲ್ಲ.

ಎರಡನೆಯ ಖಾಲಿ ಜಾಗದಲ್ಲಿ ಯಾರೋ "ಹ್ಞೂ" ಎಂದರು.

ಚಂದ್ರಲೇಖಾ ಹಸುವನ್ನು ನೋಡಿದಳು. ಹಸು ಅವಳನ್ನು ನೋಡಿತು. ರೆಕಾರ್ಡಿಂಗನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. "ಹ್ಞೂ". ಮೆತ್ತಗೆ, ಆದರೆ ಸ್ಪಷ್ಟವಾಗಿ. ಮೂರನೆಯ ಜಾಗದಲ್ಲೂ "ಹ್ಞೂ". ಅದರ ಹಿಂದೆಯೇ ಉದ್ದದ ಒಂದು ಉಸಿರು. ಹಸುಗಳು ಅಂಬಾ ಎನ್ನುತ್ತವೆ. ಹ್ಞೂ ಎನ್ನುವುದಿಲ್ಲ.

ಅವಳು ಫೋನನ್ನು ಮುಷ್ಟಿಯಲ್ಲಿ ಹಿಡಿದು, ಒಂದೇ ಉಸಿರಿಗೆ ಮನೆಯ ಮುಂದಕ್ಕೆ ಓಡಿದಳು.

ಅಂಗಳದಲ್ಲಿ ಜನ ನಿಂತಿದ್ದರು.

ಮಂಜಿನಲ್ಲಿ ಮೊದಲು ಬರೀ ಆಕಾರಗಳು ಕಂಡವು. ನಾಲ್ಕೈದು. ಅಲುಗಾಡದೆ, ಮಾತಾಡದೆ, ಮನೆಯ ಬಾಗಿಲಿನ ಕಡೆಗೆ ಮುಖ ಮಾಡಿ ನಿಂತಿದ್ದವು. ಹತ್ತಿರ ಹೋದಾಗ ಒಂದು ಆಕಾರ ಪಕ್ಕದ ಬೀದಿಯ ಮುನಿಶಾಮಪ್ಪನಾಯಿತು. ಅವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಇನ್ನೊಂದು ಆದಿತ್ಯನ ಅಜ್ಜಿ ರುಕ್ಮಿಣಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹಿಂದೆ ಇನ್ನೂ ಯಾರೋ ಹೆಂಗಸರು. ಯಾರೂ "ಅಂಜಮ್ಮಾ" ಎಂದು ಕೂಗಲಿಲ್ಲ, "ಏನ್ ಮಗಾ" ಎನ್ನಲಿಲ್ಲ.

ಆ ಕಡೆಯ ಊರುಗಳಲ್ಲಿ ಹಾಗೆ ಬಂದು ನಿಲ್ಲುವುದು ಒಂದೇ ಮನೆಗೆ, ಸಾವಿನ ಮನೆಗೆ. ಅಲ್ಲಿ ಯಾರೂ ಹೆಸರು ಹಿಡಿದು ಕೂಗಿ ಒಳಗೆ ಬರುವುದಿಲ್ಲ. ಬಂದು ಅಂಗಳದಲ್ಲಿ ನಿಲ್ಲುತ್ತಾರೆ ಅಷ್ಟೆ. ಚಂದ್ರಲೇಖಾ ಅದನ್ನು ಅಜ್ಜಿಯ ಕಂಕುಳಲ್ಲಿ ಕೂತು ಎಷ್ಟೋ ಸಲ ನೋಡಿದ್ದಳು. ತಮ್ಮ ಮನೆಯ ಮುಂದೆ ನೋಡಿರಲಿಲ್ಲ.

"ಎವರಮ್ಮಾ?" ರುಕ್ಮಿಣಮ್ಮನಿಗೆ ಗಾಬರಿಯಲ್ಲಿ ಮನೆಮಾತು ತೆಲುಗೇ ಬಂತು. ಆಮೇಲೆ ಕನ್ನಡಕ್ಕೆ ತಿರುಗಿದಳು. "ಯಾರಮ್ಮಾ ಹೋಗಿದ್ದು? ಅಂಜಮ್ಮನ ದನಿ ಕೇಳಿಸ್ತು. ನಾಕು ವರ್ಷ ಆಗಿತ್ತು ಆ ದನಿ ಕೇಳಿ."

"ಯಾರೂ ಇಲ್ಲ," ಎನ್ನಬೇಕೆಂದು ಚಂದ್ರಲೇಖಾ ಬಾಯಿ ತೆರೆದಳು. ಸದಾ ಮುಂದೆ ಓಡುವ ಬಾಯಿ ತೆರೆದೇ ಇತ್ತು, ಕೈ ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟಿತು.

ಮುನಿಶಾಮಪ್ಪ ಸುತ್ತ ನೋಡಿದ. "ನಿಮ್ಮಜ್ಜಿ ಎಲ್ಲವ್ಳೆ ಮಗಾ?"

ಆಗ ಅವಳಿಗೆ ನಿಜವಾದ ಭಯ ಬಂತು. ಹೆಸರಿಲ್ಲದ ಹಾಡು. ಮನೆಮನೆ ಬಾಗಿಲಲ್ಲಿ ನಿಂತು ಹೆಸರು ಹುಡುಕುವ ಹಾಡು. ಅದು ಯಾರ ಹೆಸರನ್ನು ಹಿಡಿಯಿತು? ಅಜ್ಜಿ ಹೊಲಕ್ಕೆ ಹೋಗಿ ಎಷ್ಟು ಹೊತ್ತಾಯಿತು?

ಓಡಿದಳು. ಅಡುಗೆಮನೆಯಲ್ಲಿ ಅಜ್ಜಿ ಇಲ್ಲ. ಬಚ್ಚಲಲ್ಲಿ ಇಲ್ಲ. ಹಿಂದಿನ ಹೊಲದ ಬದುವಿನ ಮೇಲೆ ಬುಟ್ಟಿ ಕಂಡಿತು. ಕಾಲು ಬುಟ್ಟಿ ಅವರೆಕಾಯಿ, ಅಷ್ಟೆ. ಅಜ್ಜಿ ಇರಲಿಲ್ಲ.

"ಅಜ್ಜೀ..."

ಕೂಗು ಮಂಜಿನೊಳಗೆ ದೂರ ಹೋಯಿತು, ಯಾರೂ ಓಗೊಡಲಿಲ್ಲ. ಮಡಕೆ ಖಾಲಿಯಾದರೆ ಆಗಲಿ ದೇವರೇ, ಹೈಸ್ಕೂಲಿನವರೆಗೆ ಏನು, ಮುದುಕಿಯಾಗುವವರೆಗೂ ಖಾಲಿ ಮಡಕೆ ಎಂದೇ ಕರೆಯಲಿ, ಅಜ್ಜಿ ಸಿಕ್ಕಿದರೆ ಸಾಕು. ಅಳುತ್ತ, ಮುಗ್ಗರಿಸುತ್ತ ಹುಲ್ಲಿನ ಮೆದೆಯನ್ನು ಬಳಸಿ ಬಂದಳು.

ಅಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿ, ನೆಲದ ಮೇಲೆ ಅಜ್ಜಿ ಕೂತಿದ್ದಳು. ತಲೆ ಗೋಡೆಗೆ ಆತುಕೊಂಡಿತ್ತು. ಕಣ್ಣು ಮುಚ್ಚಿತ್ತು. ಸೆರಗಿನ ಮೇಲೆಲ್ಲ ಇಬ್ಬನಿ. ಅಲುಗಾಟವಿಲ್ಲ.

ಚಂದ್ರಲೇಖಾ ಮುಟ್ಟಬೇಕೆಂದು ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ಮುಟ್ಟಲು ಧೈರ್ಯ ಬರಲಿಲ್ಲ.

"ಸಾಲು ಹಿಂದುಮುಂದಾಗೈತೆ," ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ಮುದ್ದೆ ಆರಿದ್ದು ಮೊದ್ಲು ಬರ್ಬೇಕು. ಎತ್ತು ಆಮೇಲೆ."

ಚಂದ್ರಲೇಖಾ ಅಜ್ಜಿಯ ಮಡಿಲಲ್ಲಿ ದೊಪ್ಪನೆ ಬಿದ್ದು ಗೊಳೋ ಎಂದು ಅತ್ತಳು. ಅಜ್ಜಿಯ ಸೀರೆ ತಣ್ಣಗಿತ್ತು, ಅದರೊಳಗೆ ಅಜ್ಜಿ ಬೆಚ್ಚಗಿದ್ದಳು. ಅಷ್ಟು ಖುಷಿ ಅವಳಿಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

"ನೀನೇನಾ ಹ್ಞೂ ಅಂದಿದ್ದು?"

"ಇನ್ಯಾರು? ಯಾರೋ ಒಬ್ರೇ ಹಾಡ್ತಾವ್ರೆ, ಹ್ಞೂ ಅನ್ನೋರೇ ಇಲ್ಲ. ಹಂಗೆ ಬಿಡಾಕಾಯ್ತದಾ? ಬುಟ್ಟಿ ಅಲ್ಲೇ ಬಿಟ್ ಬಂದು ಇಲ್ಲೇ ಕುಂತ್ಕೊಂಡೆ." ಅಜ್ಜಿ ಸೆರಗಿನ ಇಬ್ಬನಿ ಕೊಡವಿದಳು. "ನಿಮ್ ತಾತಂಗೆ ಹ್ಞೂ ಅನ್ನೋರು ಒಬ್ರೂ ಇರ್ಲಿಲ್ಲ ಕಣಮ್ಮಿ."

ತಾತ ಹೋದದ್ದು ಕೊರೋನಾ ಕಾಲದಲ್ಲಿ, ಕೃಷ್ಣಗಿರಿಯ ಆಸ್ಪತ್ರೆಯಲ್ಲಿ. ಅಲ್ಲಿಂದ ನೇರವಾಗಿ ಸುಡುಗಾಡಿಗೆ. ಅಪ್ಪನೊಬ್ಬ ದೂರದಲ್ಲಿ ನಿಂತು ನೋಡಿ ಬಂದಿದ್ದ. ತಾತ ಮನೆಗೆ ಬರಲೇ ಇಲ್ಲ. ಅಂಗಳಕ್ಕೆ ಜನರೂ ಬರಲಿಲ್ಲ. ಆಗ ಆರು ವರ್ಷದವಳಾಗಿದ್ದ ಚಂದ್ರಲೇಖಾಳಿಗೆ ನೆನಪಿದ್ದದ್ದು ಒಂದೇ. ಹಗಲು ಹೊತ್ತಿನಲ್ಲೇ ಬೀದಿಯ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಏಳೂರಿನ ಸಾವಿಗೆ ಹಾಡಿದ ಅಜ್ಜಿ, ಅವತ್ತು ಒಲೆಯ ಮುಂದೆ ಬಾಯಿ ಮುಚ್ಚಿ ಕೂತಿದ್ದಳು. ಆಮೇಲೆ ಯಾರಿಗೂ ಹಾಡಲಿಲ್ಲ.

ಚಂದ್ರಲೇಖಾ ಮೂಗು ಒರೆಸಿಕೊಂಡಳು. "ಅಜ್ಜಿ, ಜನ ಬಂದವ್ರೆ. ನನ್ ಹಾಡು ಕೇಳಿ, ನೀನು ಅಂದ್ಕೊಂಡು ಬಂದ್ಬುಟ್ಟವ್ರೆ. ಅಂಗಳದಾಗೆ ನಿಂತವ್ರೆ. ನಾನೋಗಿ ಸಾರಿ ಹೇಳಿ ಕಳಿಸ್ಬುಡ್ತೀನಿ."

ಅಜ್ಜಿ ಕಣ್ಣು ಬಿಟ್ಟಳು. "ಯಾರ್ ಯಾರು ಬಂದವ್ರೆ?"

"ಮುನಿಶಾಮಪ್ಪ ತಾತ. ಆದಿತ್ಯನ ಅಜ್ಜಿ. ಇನ್ನೂ ಯಾರೋ."

"ರುಕ್ಮಿಣಮ್ಮ ಬಂದವ್ಳಾ?"

"ಹ್ಞೂ. ಎಲ್ಲಾರ್ಗಿಂತ ಮುಂದೆ ಅವಳೇ ನಿಂತವ್ಳೆ."

ಅಜ್ಜಿ ಗೋಡೆ ಹಿಡಿದು ಎದ್ದಳು. "ಬ್ಯಾಡ, ಕಳಿಸ್ಬ್ಯಾಡ. ಸಾವಿನ ಮನೆ ಅಂತ ಬಂದು ನಿಂತೋರ್ನ ಹಾಡಿಲ್ದೆ ಕಳಿಸ್ಬಾರ್ದು."

ಅವರು ಮುಂದಕ್ಕೆ ಬರುವಷ್ಟರಲ್ಲಿ ಅಂಗಳದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಹಿಂದೆ ಆದಿತ್ಯನೂ ನಿಂತಿದ್ದ, ಕಣ್ಣು ಗೋಲಿಯಷ್ಟಾಗಿತ್ತು. ಅಂಜಮ್ಮಜ್ಜಿಯನ್ನು ಕಂಡು ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟರು.

"ನೀನ್ ಚೆನ್ನಾಗಿದ್ದೀಯಲ್ಲ," ಮುನಿಶಾಮಪ್ಪ ಅಂದ. "ಮತ್ತೆ ಯಾರಿಗೆ?"

"ನಮ್ಮನೆಯೋರಿಗೆ," ಎಂದಳು ಅಜ್ಜಿ. "ಅವತ್ತು ನೀವ್ಯಾರೂ ಬರಾಕಾಗ್ಲಿಲ್ಲ."

ರುಕ್ಮಿಣಮ್ಮ ಮೊದಲು ಮುಂದೆ ಬಂದಳು. ತನ್ನ ಗಂಡನ ಸಾವಿಗೆ ಕರೆದರೂ ಬಂದು ಹಾಡದಿದ್ದವಳ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೋ. ಆದರೂ ಅಜ್ಜಿಯ ಪಕ್ಕದಲ್ಲೇ, ಒದ್ದೆ ನೆಲದ ಮೇಲೆ ಕೂತಳು. "ಬಾಗ್ಲು ಹಾಕ್ಕೊಂಡ್ ಕುಂತಿದ್ವಿ ಅಂಜಮ್ಮ. ಭಯ. ಇವತ್ತು ಬಂದೀವಿ. ಹಾಡು."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಅಜ್ಜಿ ಚಂದ್ರಲೇಖಾಳ ಕಡೆ ತಿರುಗಿದಳು. "ಆ ಫೋನ್ ಇಲ್ಲಿಕ್ಕು. ಈ ಸಲ ಹೆಸ್ರಿರ್ತದೆ. ನಿಮ್ ಅಕ್ಕಂಗೆ ಕೊಡು, ಮಡಕೆಗೆ ಹಾಕ್ಕೊಳ್ಳಿ."

ಚಂದ್ರಲೇಖಾ ಫೋನನ್ನು ನೆಲದ ಮೇಲಿಟ್ಟು ಒತ್ತಿದಳು. ಅಜ್ಜಿ ಕಣ್ಣು ಮುಚ್ಚಿದಳು.

"ಇಕ್ಕಿದ ಮುದ್ದೆ ಆರೋಯ್ತು, ಎದ್ದು ಬಾರಯ್ಯೋ..."

ಆ ದನಿ ಎಲ್ಲಿಂದ ಬಂತು! ಮಂಜನ್ನು ಸೀಳಿಕೊಂಡು ಬೀದಿಯ ಕೊನೆಯವರೆಗೂ ಹೋಯಿತು. ಆಮೇಲೆ ಹೆಸರಿನ ಜಾಗ ಬಂತು.

ಅಜ್ಜಿ ನಿಂತಳು. ಬಾಯಿ ತೆರೆದಿತ್ತು. ಹೆಸರು ಬರಲಿಲ್ಲ.

ಬರುವುದಾದರೂ ಹೇಗೆ? ಗಂಡನ ಹೆಸರನ್ನು ಅಜ್ಜಿ ಬದುಕಿನಲ್ಲಿ ಒಂದು ಸಲವೂ ಆಡಿದವಳಲ್ಲ. 'ನಮ್ಮನೆಯೋರು' ಎನ್ನುತ್ತಿದ್ದಳು, 'ನಿಮ್ ತಾತ' ಎನ್ನುತ್ತಿದ್ದಳು. ರೇಷನ್ ಅಂಗಡಿಯವನು ಕೇಳಿದರೂ ಕಾರ್ಡಿನ ಮೇಲೆ ಬೆರಳಿಡುತ್ತಿದ್ದಳು. ಏಳೂರಿನವರ ಹೆಸರು ಕೂಗಿದ ಬಾಯಿಗೆ ಆ ಒಂದು ಹೆಸರು ಗೊತ್ತಿಲ್ಲ.

ಹೆಂಗಸರು ಹ್ಞೂ ಎನ್ನಲು ಕಾಯುತ್ತಿದ್ದರು. ಜಗಲಿಯ ಸೂರಿನಿಂದ ಇಬ್ಬನಿ ತೊಟ್ಟಿಕ್ಕಿತು. ಒಂದು, ಎರಡು, ಮೂರು. ಅಜ್ಜಿಯ ಮುಖ ನೋಡಲಾಗುತ್ತಿರಲಿಲ್ಲ. ಈ ಜಾಗ ನಾಲ್ಕು ವರ್ಷದಿಂದ ಹೀಗೇ ಖಾಲಿ ಇತ್ತು ಎಂದು ಚಂದ್ರಲೇಖಾಳಿಗೆ ಅನ್ನಿಸಿತು. ಅವಳು ಅಜ್ಜಿಯ ಮಂಡಿಗೆ ಒತ್ತಿ ಕೂತಳು.

"ಮುತ್ತರಾಯಪ್ಪಾ..." ಎಂದು ಕೂಗಿದಳು.

ಮೊಮ್ಮಕ್ಕಳು ತಾತನನ್ನು ಹಾಗೆ ಹೆಸರು ಹಿಡಿದು ಕೂಗುವುದಿಲ್ಲ. ಅವಳು ಕೂಗಿದಳು. ಹೆಸರನ್ನು ಉದ್ದಕ್ಕೆ ಎಳೆದು, ದೂರ ಹೋಗುತ್ತಿರುವವರಿಗೆ ಕೇಳಿಸುವ ಹಾಗೆ ಕೂಗಿದಳು.

"ಹ್ಞೂ," ಎಂದಿತು ಇಡೀ ಅಂಗಳ.

ಅಜ್ಜಿ ಕಣ್ಣು ತೆರೆಯಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಉಸಿರು ಎಳೆದುಕೊಂಡು ಎರಡನೆಯ ಸಾಲು ಎತ್ತಿದಳು. ಕಟ್ಟಿದ ಎತ್ತು ದಾರಿ ಕಾದಾವೆ. ಚಂದ್ರಲೇಖಾ ಅಜ್ಜಿಯ ಬಾಯನ್ನೇ ನೋಡುತ್ತ, ಮುಂದಿನ ಜಾಗ ಬರುವುದಕ್ಕೆ ಕಾದಳು.